ದೊಡ್ಡ ಖರ್ಚೇ ಇಲ್ಲ, ಆದರೂ 20ನೇ ತಾರೀಖಿಗೇ ಸಂಬಳ ಖಾಲಿ. ನನಗೆ ಮನಸ್ಸಿನ ಹಿಡಿತ ಇಲ್ವಾ?

ನೀವು ಬರೆದದ್ದು ಇಷ್ಟು. ಬೆಂಗಳೂರಿನಲ್ಲಿ ಕೆಲಸ, ಕೈಗೆ ಬರುವ ಸಂಬಳ 42 ಸಾವಿರ. ಶೋಕಿ ಇಲ್ಲ, ಕುಡಿತ ಇಲ್ಲ. ಆದರೂ 20ನೇ ತಾರೀಖಿಗೆ ಖಾತೆ ಖಾಲಿ. ಕ್ರೆಡಿಟ್ ಕಾರ್ಡಿನಲ್ಲಿ 20 ಸಾವಿರ ಬಾಕಿ, ತಿಂಗಳು ತಿಂಗಳು ಮಿನಿಮಮ್ ಮಾತ್ರ ಕಟ್ಟುತ್ತಿದ್ದೀರಿ. ಕಾರ್ಡ್ ಬಂದ್ ಮಾಡಬೇಕಾ ಎಂದೂ ಕೇಳಿದ್ದೀರಿ.

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಾತನ್ನೇ ಕೌಂಟರಿನ ಆಚೆಯಿಂದ ತುಂಬಾ ಜನ ಹೇಳಿದ್ದಾರೆ. ಮೇಷ್ಟ್ರುಗಳು, ನರ್ಸುಗಳು, ಅಂಗಡಿ ಇಟ್ಟವರು, ಎಲ್ಲರೂ ಜವಾಬ್ದಾರಿ ಇದ್ದವರೇ. ಹಾಗಾಗಿ ಮೊದಲು ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಿ. ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ದುಡ್ಡು ಕೊಡುವಾಗ ಮನಸ್ಸಿಗೆ ಸಣ್ಣ ನೋವು ಆಗುತ್ತದೆ. ಐನೂರರ ನೋಟು ಮುರಿಸುವಾಗ ಒಂದು ಕ್ಷಣ ಕೈ ತಡೆಯುತ್ತದೆ, ಅಲ್ವಾ? ಆ ತಡೆಯೇ ನಮ್ಮನ್ನು ಕಾಯುತ್ತದೆ. ಪಾವತಿ ಸುಲಭವಾದಷ್ಟೂ ಅದು ಸವೆದು ಹೋಗುತ್ತದೆ. ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗೆ ಇಟ್ಟರು. ಬಿಸಿನೆಸ್ ಓದುತ್ತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನಗದು ಕೊಡಬೇಕು ಎಂದರು, ಕೆಲವರಿಗೆ ಕಾರ್ಡ್ ಎಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಇದು ಪ್ರಕಟವಾದದ್ದು 2001ರಲ್ಲಿ. ಹಣಕಾಸು ಕಲಿಯುತ್ತಿದ್ದವರ ಕಥೆಯೇ ಹೀಗೆ ಎಂದರೆ ನಮ್ಮದೇನು?

ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ನಾನು ಅದರ ವಿರೋಧಿ ಅಲ್ಲ. ತರಕಾರಿ ಮಾರುವ ಅಮ್ಮನಿಗೂ ಚಿಲ್ಲರೆ ತಾಪತ್ರಯ ತಪ್ಪಿದೆ. ಆದರೆ ಕ್ರೆಡಿಟ್ ಕಾರ್ಡಿನಂತಲ್ಲದೆ ಇದು ನಮ್ಮದೇ ದುಡ್ಡನ್ನು ಆ ಕ್ಷಣವೇ ಖಾತೆಯಿಂದ ತೆಗೆಯುತ್ತದೆ, ಆದರೂ ಉಳಿದದ್ದು ಎಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಪಾವತಿಗೆಂದು ಮೊದಲೇ ದುಡ್ಡು ತುಂಬಿಡುವ ಯುಪಿಐ ಲೈಟ್ ಬಳಸುತ್ತಿದ್ದರೆ ಪಿನ್ ಒತ್ತುವ ಆ ಒಂದು ನಿಲುಗಡೆಯೂ ಇಲ್ಲ. ಇನ್ನೊಂದು ಮುಖ್ಯ ವಿಷಯ: ಲೈಟ್‌ನಲ್ಲಿ ಮಾಡಿದ ಸಣ್ಣ ಪಾವತಿಗಳು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದೊಂದಾಗಿ ಬರುವುದಿಲ್ಲ. ಲೈಟ್‌ಗೆ ದುಡ್ಡು ತುಂಬಿದ್ದು ಮಾತ್ರ ಕಾಣುತ್ತದೆ. ಎಲ್ಲಿ ಹೋಯಿತು ಎಂದು ಸ್ಟೇಟ್‌ಮೆಂಟ್ ತೆಗೆದು ಹುಡುಕಿದರೂ ಸಿಗದಿರುವುದಕ್ಕೆ ಇದೂ ಕಾರಣ ಇರಬಹುದು. ಆ್ಯಪಿನ ಒಳಗಿನ ಪಟ್ಟಿಯನ್ನೂ ನೋಡಿ.

ಹಾಗೆಂದು ಟೀ ಕಾಫಿ ಬಿಡಿ ಎಂದು ನಾನು ಹೇಳುವುದಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ನಮ್ಮ ಕಣ್ಣು ತಪ್ಪುವುದು ಬೇರೆ ಕಡೆ. 1981ರಲ್ಲಿ ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಜನರಿಗೆ ಒಂದು ಪ್ರಶ್ನೆ ಹಾಕಿದರು. 15 ಡಾಲರಿನ ಕ್ಯಾಲ್ಕುಲೇಟರ್ 20 ನಿಮಿಷ ದೂರದ ಅಂಗಡಿಯಲ್ಲಿ 10 ಡಾಲರಿಗೆ ಸಿಗುತ್ತದೆ, ಹೋಗುತ್ತೀರಾ? 68% ಜನ ಹೋಗುತ್ತೇವೆ ಎಂದರು. ಕ್ಯಾಲ್ಕುಲೇಟರ್ ಬೆಲೆ 125 ಇದ್ದು ಅಲ್ಲಿ 120ಕ್ಕೆ ಸಿಗುವುದಾದರೆ? ಆಗ ಹೋಗುತ್ತೇವೆ ಎಂದವರು 29% ಮಾತ್ರ. ಉಳಿಯುವುದು ಎರಡೂ ಕಡೆ ಅದೇ 5 ಡಾಲರ್.

ನಾವೂ ಹೀಗೇ. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತೇವೆ. ಬೈಕ್ ಕೊಳ್ಳುವಾಗ ಶೋರೂಮಿನವರು ಸೇರಿಸುವ ನಾಲ್ಕೈದು ಸಾವಿರದ ಆಕ್ಸೆಸರಿಗೆ ತುಟಿ ಬಿಚ್ಚುವುದಿಲ್ಲ. ಬಾಡಿಗೆ, ಫೋನು, ಗಾಡಿಯ ಸಾಲ, ಮದುವೆ ಬಟ್ಟೆ: ಇಂಥ ಕಡೆ ಒಂದು ಗಂಟೆ ಕೂತು ಯೋಚಿಸಿದರೆ ಇಡೀ ವರ್ಷದ ಟೀ ದುಡ್ಡು ಬರುತ್ತದೆ.

ಇನ್ನು, "ಈ ತಿಂಗಳು ಅನಿರೀಕ್ಷಿತ ಖರ್ಚು ಬಂತು" ಎಂದು ಬರೆದಿದ್ದೀರಿ. ನೀವು ಕೊಟ್ಟ ಪಟ್ಟಿ ನೋಡಿದೆ: ಗೌರಿ ಹಬ್ಬ, ಅಕ್ಕನ ಮಗುವಿನ ನಾಮಕರಣ, ಗಾಡಿ ಇನ್ಶೂರೆನ್ಸ್. ಹಬ್ಬ ಪ್ರತಿ ವರ್ಷ ಬರುತ್ತದೆ, ಇನ್ಶೂರೆನ್ಸ್ ತಾರೀಖು ಕಾಗದದಲ್ಲೇ ಇದೆ. ವರ್ಷದ ಇಂಥ ಖರ್ಚನ್ನೆಲ್ಲ ಕೂಡಿ 12ರಿಂದ ಭಾಗಿಸಿ, ಆ ಮೊತ್ತವನ್ನು ತಿಂಗಳ ಖರ್ಚಿಗೇ ಸೇರಿಸಿ. ಮುಯ್ಯಿ ಕೊಡುವುದನ್ನು, ಅಮ್ಮನಿಗೆ ಸೀರೆ ತರುವುದನ್ನು ದಯವಿಟ್ಟು ದುಂದು ಎಂದು ಕರೆಯಬೇಡಿ. ದುಡಿಯುವುದೇ ಅದಕ್ಕೆ.

ಈಗ ಏನು ಮಾಡಬೇಕು? ಖರ್ಚಿನ ದಾರಿಗೆ ಸ್ವಲ್ಪ ತಡೆ ಹಾಕಿ, ಉಳಿತಾಯದ ದಾರಿಯ ತಡೆ ತೆಗೆಯಿರಿ. ಇದು ಹೊಸ ವಿಚಾರ ಏನಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆ ಆದರೂ ಸರಿ, ತೆಗೆದುಕೊಂಡು ಹೋಗುತ್ತಿದ್ದರು. ಕಟ್ಟುವುದಕ್ಕೆ ಬ್ಯಾಂಕಿಗೆ ನಡೆಯಬೇಕಿಲ್ಲ, ಬೇಕೆಂದಾಗ ಗಲ್ಲಾ ಪೆಟ್ಟಿಗೆಯಿಂದ ತೆಗೆದಷ್ಟು ಸುಲಭವಾಗಿ ವಾಪಸ್ ಸಿಗುವುದೂ ಇಲ್ಲ. ಜನರ ಮನಸ್ಸು ಹೇಗೆ ಓಡುತ್ತದೆ ಎಂದು ಬಲ್ಲವರು ಮಾಡಿದ ಯೋಜನೆ ಅದು. ನಮ್ಮ ಸಂಘದಲ್ಲೂ ಪಿಗ್ಮಿ ಇದೆ. ತಳ್ಳುಗಾಡಿಯವರು ಅದರಿಂದಲೇ ಮಕ್ಕಳ ಫೀಸು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ.

ನಿಮ್ಮ ಮಟ್ಟಿಗೆ ಇದನ್ನು ಹೀಗೆ ಮಾಡಬಹುದು. ಸಂಬಳದ ಖಾತೆಯನ್ನು ಯುಪಿಐ ಆ್ಯಪಿನಿಂದ ತೆಗೆದುಬಿಡಿ. ಇನ್ನೊಂದು ಖಾತೆಯನ್ನು ಜೋಡಿಸಿ, ಪ್ರತಿ ಸೋಮವಾರ ಆ ವಾರದ ಖರ್ಚಿನಷ್ಟು ಮಾತ್ರ ಅದಕ್ಕೆ ಹಾಕಿ. ಗುರುವಾರಕ್ಕೆ ಕಡಿಮೆ ಬಿದ್ದರೆ ಗೊತ್ತಾಗುತ್ತದೆ. ತಿಂಗಳ 20ಕ್ಕೆ ಗೊತ್ತಾಗುವುದಕ್ಕಿಂತ ಅದು ಎಷ್ಟೋ ಮೇಲು. ಶಾಪಿಂಗ್ ಆ್ಯಪುಗಳಲ್ಲಿ ಸೇವ್ ಆಗಿರುವ ಕಾರ್ಡ್ ಅಳಿಸಿ. ಆಟೋಪೇ ಪಟ್ಟಿ ತೆರೆದು, ಸುಮ್ನೆ ಕಟ್ ಆಗುತ್ತಿರುವುದನ್ನು ನಿಲ್ಲಿಸಿ. ಉಳಿತಾಯಕ್ಕೆ ಸಂಬಳ ಬಂದ ಮರುದಿನವೇ ತಾನಾಗಿ ಕಟ್ ಆಗುವ, ತಿಂಗಳು ತಿಂಗಳು ಕಟ್ಟುವ ಠೇವಣಿಯಾದ ಆರ್‌ಡಿ ಇರಲಿ. ಸಂಬಳ ಏರಿದಾಗ ಅದನ್ನೂ ಏರಿಸಿ. ಅಮೆರಿಕದಲ್ಲಿ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ನೌಕರರಿಗೆ ಹೀಗೆ, ಮುಂದಿನ ಏರಿಕೆಯಿಂದ ಉಳಿಸುತ್ತೇನೆ ಎಂದು ಮೊದಲೇ ಒಪ್ಪಿಕೊಳ್ಳುವ ಅವಕಾಶ ಕೊಟ್ಟರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ 3.5%ರಿಂದ 13.6%ಕ್ಕೆ ಏರಿತು. ಕೈಗೆ ಬಂದೇ ಇರದ ದುಡ್ಡನ್ನು ಬಿಟ್ಟುಕೊಡುವುದು ಕಷ್ಟ ಅನ್ನಿಸುವುದಿಲ್ಲ.

ಆದರೆ ನಿಮಗೆ ಆರ್‌ಡಿ ಈಗಲೇ ಬೇಡ. ಮೊದಲು ಆ ಕಾರ್ಡ್. ಬಡ್ಡಿ ತಿಂಗಳಿಗೆ 3.5% ಎಂದಿಟ್ಟುಕೊಳ್ಳೋಣ. 20 ಸಾವಿರಕ್ಕೆ ಬಡ್ಡಿ 700, ಅದರ ಮೇಲೆ 18% ಜಿಎಸ್‌ಟಿ 126. ನೀವು ಮಿನಿಮಮ್ ಎಂದು 1,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 174 ರೂಪಾಯಿ. ಬಾಕಿ ಇರುವ ತನಕ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಬಿಲ್ಲಿನಲ್ಲಿ ಮಿನಿಮಮ್ ಮೊತ್ತ ಎದ್ದು ಕಾಣುವಾಗ ಅದೇ ಸಾಕು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ.

ತಿಂಗಳಿಗೆ 5,000ದಂತೆ ಕಟ್ಟಿದರೆ ಐದನೇ ಕಂತಿಗೆ ಪೂರ್ತಿ ತೀರುತ್ತದೆ. ಕೊನೆಯ ಕಂತು ಅರ್ಧದಷ್ಟೂ ಇರುವುದಿಲ್ಲ. ಅಲ್ಲಿಯವರೆಗೆ ಕಾರ್ಡ್ ಮನೆಯಲ್ಲೇ ಇರಲಿ, ಹೊಸದಾಗಿ ಏನೂ ಹಾಕಬೇಡಿ. ಬಂದ್ ಮಾಡುವುದೋ ಬಿಡುವುದೋ ಬಾಕಿ ತೀರಿದ ಮೇಲೆ ನೋಡಿ. ಪೂರ್ತಿ ಬಿಲ್ ಪ್ರತಿ ತಿಂಗಳೂ ಕಟ್ಟಬಲ್ಲೆ ಅನ್ನಿಸಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಬಂದ್ ಮಾಡಿಸಿ. ಆರನೇ ತಿಂಗಳಿಂದ ಅದೇ 5,000ಕ್ಕೆ ಆರ್‌ಡಿ ಶುರು ಮಾಡಿ. ಬಡ್ಡಿ ದರ ನಿಮ್ಮ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ನೋಡಿ ಇಲ್ಲಿ ಬರೆಯಿರಿ, ನಿಮ್ಮ ಲೆಕ್ಕವನ್ನು ಸರಿಯಾಗಿ ಹಾಕಿಕೊಡುತ್ತೇನೆ.