ಹಳೇ ಲಾಕ್ ಫೈಲ್ ಉಳಿದು ಕ್ರಾನ್ ಕೆಲಸ ನಿಂತುಹೋಗುವುದಕ್ಕೆ ಪರಿಹಾರ
ನಮಸ್ಕಾರ. ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸೌಲಭ್ಯ) 5 ನಿಮಿಷಕ್ಕೊಮ್ಮೆ ಓಡುವ ನಿಮ್ಮ ಪೈಥಾನ್ ಸ್ಕ್ರಿಪ್ಟ್, ಲಿನಕ್ಸ್ ಸರ್ವರ್ ದಿಢೀರ್ ರೀಸ್ಟಾರ್ಟ್ ಆದಮೇಲೆ ಹಳೇ ಲಾಕ್ ಫೈಲ್ (ಒಂದೇ ಹೊತ್ತಿಗೆ ಎರಡು ಪ್ರತಿ ಓಡದಂತೆ ಇಡುವ ಗುರುತಿನ ಫೈಲ್) ನೋಡಿ ಶುರುವೇ ಆಗುತ್ತಿಲ್ಲ ಅಂದಿದ್ದೀರಿ. ನನಗೂ ಇದೇ ಆಗಿ ಒಂದಿಡೀ ರಾತ್ರಿಯ ಬ್ಯಾಕಪ್ ತಪ್ಪಿಹೋಗಿತ್ತು.

ಫೈಲ್ ಇದೆಯೋ ಇಲ್ಲವೋ ಎಂಬುದನ್ನೇ ಲಾಕ್ ಅಂದುಕೊಳ್ಳಬೇಡಿ. ಇದೆಯಾ ಅಂತ ನೋಡುವುದು, ಆಮೇಲೆ ಸೃಷ್ಟಿಸುವುದು, ಇವೆರಡರ ನಡುವೆ ಇನ್ನೊಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನುಸುಳಬಹುದು. ಬದಲಿಗೆ ಫೈಲ್ ತೆರೆದು ಅದರ ಮೇಲೆ ಪೈಥಾನ್‌ನ ಎಫ್‌ಸಿಎನ್‌ಟಿಎಲ್ (fcntl) ಮಾಡ್ಯೂಲ್‌ನ ಫ್ಲಾಕ್ (flock) ಎಂಬ ಲಾಕ್ ಹಾಕಿ, ಎಕ್ಸ್‌ಕ್ಲೂಸಿವ್ (ಒಬ್ಬರಿಗೆ ಮಾತ್ರ) ಮತ್ತು ನಾನ್‌ಬ್ಲಾಕಿಂಗ್ (ಸಿಗದಿದ್ದರೆ ಕಾಯಬೇಡ) ಎರಡೂ ಫ್ಲ್ಯಾಗ್ ಕೊಟ್ಟು. ಲಾಕ್ ಸಿಗದಿದ್ದರೆ ಎಕ್ಸೆಪ್ಶನ್ ಬರುತ್ತದೆ, ಹಿಡಿದು ಸುಮ್ಮನೆ ಹೊರಬನ್ನಿ. ಪ್ರೋಸೆಸ್ ಹೇಗೇ ಸತ್ತರೂ, ಕಿಲ್ ಮೈನಸ್ 9 ಕೊಟ್ಟು ಬಲವಂತವಾಗಿ ನಿಲ್ಲಿಸಿದರೂ, ಕರ್ನಲ್ಲೇ (ಲಿನಕ್ಸ್‌ನ ಮೂಲ ಭಾಗ) ಲಾಕ್ ಬಿಡಿಸುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ: ತೆರೆದ ಫೈಲನ್ನು ಫಂಕ್ಷನ್ ಒಳಗಿನ ವೇರಿಯಬಲ್‌ನಲ್ಲಿ ಇಟ್ಟರೆ, ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಮುಚ್ಚಿಬಿಡುತ್ತದೆ, ಲಾಕೂ ಹೋಯಿತು! ಸ್ಕ್ರಿಪ್ಟ್ ಮುಗಿಯುವವರೆಗೂ ಬದುಕಿರುವ ಕಡೆ ಇಡಿ.

ಕೊನೆಯಲ್ಲಿ ಫೈಲ್ ಅಳಿಸಲೂ ಬೇಡಿ. ಒಂದು ಪ್ರೋಸೆಸ್ ಹಳೇ ಫೈಲ್ ತೆರೆದು ಲಾಕ್ ಹಾಕುವ ಮುನ್ನ ನೀವು ಅಳಿಸಿದರೆ, ಮತ್ತೊಂದು ಪ್ರೋಸೆಸ್ ಅದೇ ಹೆಸರಲ್ಲಿ ಹೊಸ ಫೈಲ್ ಮಾಡುತ್ತದೆ. ಐನೋಡ್ (ಡಿಸ್ಕಿನಲ್ಲಿ ಫೈಲಿನ ಅಸಲಿ ಗುರುತು) ಬೇರೆ ಬೇರೆ, ಹಾಗಾಗಿ ಎರಡಕ್ಕೂ ಲಾಕ್ ಸಿಗುತ್ತದೆ. ಖಾಲಿ ಫೈಲ್ ಅಲ್ಲೇ ಬಿದ್ದಿರಲಿ, ತೊಂದರೆಯಿಲ್ಲ.

ಕೋಡ್ ಮುಟ್ಟಲು ಇಷ್ಟವಿಲ್ಲದಿದ್ದರೆ ಕ್ರಾನ್ ಸಾಲಿನಲ್ಲೇ ಸ್ಕ್ರಿಪ್ಟ್ ಓಡಿಸುವ ಕಮಾಂಡಿಗೆ ಮೊದಲು ಫ್ಲಾಕ್ ಕಮಾಂಡ್, ಮೈನಸ್ ಎನ್ (ಲಾಕ್ ಸಿಗದಿದ್ದರೆ ಕಾಯಬೇಡ ಎಂದು), ಲಾಕ್ ಫೈಲಿನ ದಾರಿ ಸೇರಿಸಿದರೂ ಸಾಕು.