ಕರ್ನಲ್ ಬದಲಾದ ಮೇಲೆ ಹಳೆಯ ಮಾಡ್ಯೂಲ್

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದ ಮಾಪನ ಕಾರ್ಡಿಗೆ ನಾವೇ ಕಂಪೈಲ್ ಮಾಡಿಕೊಂಡ ಲಿನಕ್ಸ್ ಡ್ರೈವರ್ ಇದೆ, ಅದು ಕರ್ನಲಿಗೆ, ಎಂದರೆ ಲಿನಕ್ಸಿನ ತಿರುಳಿಗೆ, ಸೇರಿಕೊಳ್ಳುವ ಮಾಡ್ಯೂಲ್. ಉಬುಂಟು ಕರ್ನಲ್ ಅಪ್‌ಡೇಟ್ ಆದ ಮೇಲೆ ಅದನ್ನು ಲೋಡ್ ಮಾಡಲು ಹೋದರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದು ಬರುತ್ತದೆ. ಕರ್ನಲ್ ಕಾನ್ಫಿಗರೇಶನ್ನಿನಲ್ಲಿ ‘ಮಾಡ್‌ವರ್ಷನ್ಸ್’ ಆಯ್ಕೆ ಹಾಕಿದರೆ ಸಾಕೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನಿಜವೇ? ಬಲವಂತದಿಂದ ಲೋಡ್ ಮಾಡಬಹುದೇ?

– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಮಾಡ್ಯೂಲಿನ ವಿವರ ತೋರಿಸುವ ‘ಮಾಡ್‌ಇನ್ಫೋ’ ಆದೇಶ ಕೊಟ್ಟು, ಅದು ಯಾವ ಕರ್ನಲಿಗಾಗಿ ಕಂಪೈಲ್ ಆಗಿದೆಯೆಂದು ಹೇಳುವ ‘ವರ್‌ಮ್ಯಾಜಿಕ್’ ಎಂಬ ಸಾಲನ್ನು ಓದಿ. ಅದು ‘5.15.0-91-ಜೆನೆರಿಕ್ ಎಸ್‌ಎಂಪಿ ಮಾಡ್_ಅನ್‌ಲೋಡ್ ಮಾಡ್‌ವರ್ಷನ್ಸ್’ ಎಂಬಂತಿರುತ್ತದೆ. ಕೊನೆಯ ಪದವನ್ನು ಗಮನಿಸಿದಿರಾ? ನಿಮ್ಮ ಸ್ನೇಹಿತರು ಹೇಳಿದ ಆಯ್ಕೆ ಉಬುಂಟುವಿನಲ್ಲಿ ಆಗಲೇ ಇದೆ.

ಆ ಆಯ್ಕೆ ಇಲ್ಲದ ಕರ್ನಲ್ ಈ ಸಾಲನ್ನು ತನ್ನದರೊಡನೆ ಅಕ್ಷರಶಃ ಹೋಲಿಸುತ್ತದೆ. ಒಂದು ಅಂಕಿ ಬೇರೆಯಾದರೂ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ. ಆಯ್ಕೆ ಇದ್ದರೆ ಮೊದಲ ಪದವಾದ ಆವೃತ್ತಿ ಸಂಖ್ಯೆಯನ್ನು ಬಿಟ್ಟು ಉಳಿದುದನ್ನಷ್ಟೇ ಹೋಲಿಸುತ್ತದೆ. ಬಿಟ್ಟದ್ದಕ್ಕೆ ಬದಲಾಗಿ, ಮಾಡ್ಯೂಲು ಬಳಸುವ ಪ್ರತಿಯೊಂದು ಕರ್ನಲ್ ಸಿಂಬಲ್‌ಗೂ (ಫಂಕ್ಷನ್ ಇಲ್ಲವೇ ವೇರಿಯಬಲ್ಲಿನ ಹೆಸರು) ಅದರ ಆರ್ಗ್ಯುಮೆಂಟುಗಳ ಮತ್ತು ಸ್ಟ್ರಕ್ಚರುಗಳ (ದತ್ತಾಂಶದ ಕಟ್ಟುಗಳ) ರೂಪದಿಂದ ಲೆಕ್ಕ ಹಾಕಿದ 32 ಬಿಟ್‌ಗಳ ಸಿಆರ್‌ಸಿ ಎಂಬ ತಪಾಸಣಾ ಸಂಖ್ಯೆಯನ್ನು ಕಂಪೈಲ್ ಮಾಡುವಾಗಲೇ ಬರೆದಿಟ್ಟು, ಲೋಡ್ ಆಗುವಾಗ ತಾಳೆ ನೋಡಲಾಗುತ್ತದೆ. ಸ್ಟ್ರಕ್ಚರಿಗೆ ಹೊಸ ಫೀಲ್ಡ್ ಒಂದು ಸೇರಿದರೂ ಸಂಖ್ಯೆ ಬದಲಾಗುತ್ತದೆ. ಆಗ ಕರ್ನಲಿನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ ‘ಡಿಸಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್’ ಎಂಬ ದೂರು ಸಿಂಬಲ್ಲಿನ ಹೆಸರಿನೊಡನೆ ಕಾಣಿಸುತ್ತದೆ. ಈ ತಪಾಸಣೆಗೂ ಮಿತಿಯುಂಟು: ರೂಪ ಹಾಗೆಯೇ ಇದ್ದು ಫಂಕ್ಷನ್ನಿನ ನಡವಳಿಕೆ ಮಾತ್ರ ಬದಲಾಗಿದ್ದರೆ ಸಿಆರ್‌ಸಿಗೆ ಅದು ತಿಳಿಯುವುದಿಲ್ಲ.

ಬಲವಂತದ ಮಾತು ಬೇಡ. ಮಾಡ್ಯೂಲನ್ನು ಲೋಡ್ ಮಾಡುವ ‘ಮಾಡ್‌ಪ್ರೋಬ್’ ಆದೇಶಕ್ಕೆ ‘ಫೋರ್ಸ್’ ಸೇರಿಸಿದರೆ ಎರಡೂ ತಪಾಸಣೆಗಳು ತಪ್ಪುತ್ತವೆ, ಕರ್ನಲಿಗೆ ‘ಎಫ್’ ಎಂಬ ಕಳಂಕದ ಗುರುತೂ ಬೀಳುತ್ತದೆ. ಫೀಲ್ಡ್ ಸರಿದಿರುವುದನ್ನು ಅರಿಯದ ಡ್ರೈವರ್ ಬೇರೆ ಯಾರದೋ ಮೆಮೊರಿಯ ಮೇಲೆ ಬರೆಯಬಹುದು.

ಹೊಸ ಕರ್ನಲಿನ ಹೆಡರ್ ಪ್ಯಾಕೇಜನ್ನು (ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಕಡತಗಳ ಕಟ್ಟು) ಹಾಕಿಕೊಂಡು ಮತ್ತೆ ಕಂಪೈಲ್ ಮಾಡುವುದೇ ಸರಿಯಾದ ದಾರಿ, ಸಿಆರ್‌ಸಿಗಳ ‘ಮಾಡ್ಯೂಲ್.ಸಿಮ್‌ವರ್ಸ್’ ಕಡತ ಅದರಲ್ಲೇ ಬರುತ್ತದೆ. ಕರ್ನಲ್ ಮೂಲವನ್ನೇ ತಂದುಕೊಂಡವರು ‘ಮೇಕ್ ಮಾಡ್ಯೂಲ್ಸ್_ಪ್ರಿಪೇರ್’ ಮಾಡಿ ನಿಲ್ಲಿಸಿಬಿಡುತ್ತಾರೆ, ಆದರೆ ಅದು ಈ ಕಡತವನ್ನು ತಯಾರಿಸುವುದಿಲ್ಲ. ಪೂರ್ತಿ ಕರ್ನಲನ್ನು ಬಿಲ್ಡ್ ಮಾಡಬೇಕಾಗುತ್ತದೆ. ಪ್ರತಿ ಅಪ್‌ಡೇಟಿಗೂ ಈ ಕೆಲಸ ಬೇಸರವೆನಿಸಿದರೆ ಡ್ರೈವರಿನ ಮೂಲವನ್ನು, ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ತಾನೇ ಮತ್ತೆ ಕಂಪೈಲ್ ಮಾಡುವ ಡಿಕೆಎಂಎಸ್‌ ಎಂಬ ಸಲಕರಣೆಗೆ ಒಪ್ಪಿಸಿ, ಅದರ ಸಂರಚನಾ ಕಡತದಲ್ಲಿ ‘ಆಟೋಇನ್‌ಸ್ಟಾಲ್’ಗೆ ‘ಯೆಸ್’ ಎಂದು ಬರೆಯಿರಿ.