ಅಜ್ಜನ ಗೋದಾಮಿನ ಬಾಕಿ ಮತ್ತು ಹಿಂದಿನ ಆರು ಗುಂಟೆ

ಓದುಗರ ಪತ್ರ: ನಮ್ಮ ಅಜ್ಜನಿಗೆ ಗದಗ ಸ್ಟೇಷನ್ ಹತ್ತಿರ ಹತ್ತಿಯ ಗೋದಾಮು ಇತ್ತು. 1943ರಲ್ಲಿ ಮಿಲಿಟರಿ ಸಾಮಾನು ಇಡೋಕೆ ಅಂತ ಸರ್ಕಾರ ಅದನ್ನು ವಶಕ್ಕೆ ತಗೊಂಡಿತು. 1946ರಲ್ಲಿ ವಾಪಸ್ ಕೊಟ್ಟಾಗ ಮಾಡಿನ ತಗಡು ಹೋಗಿತ್ತು, ಒಂದು ಗೋಡೆ ಒಡೆದಿತ್ತು. 1,840 ರೂಪಾಯಿ ನಷ್ಟ ಅಂತ ಅಜ್ಜ ಅರ್ಜಿ ಕೊಟ್ಟಿದ್ದರು, ಹಣ ಬರಲಿಲ್ಲ. ಆ ಅರ್ಜಿಯ ಝೆರಾಕ್ಸ್ ಜೊತೆಗಿದೆ, ಮೂಲ ಕಾಗದ ಲ್ಯಾಮಿನೇಶನ್‌ಗೆ ಕೊಟ್ಟಿದ್ದೇನೆ. ನಮ್ಮ ತಾಯಿಯ ಹೆಸರಲ್ಲೂ ವಾರಸಾ ಆಗಿದೆ. ಈಗ ಒಬ್ಬರು ಮನೆಗೆ ಬಂದು, ಬ್ರಿಟನ್ನಿನ ಒಂದು ಎಣ್ಣೆ ಕಂಪನಿ ಇಂಥದ್ದೇ ಕೇಸು ಗೆದ್ದಿದೆ, ಬಡ್ಡಿ ಸೇರಿ ಕೋಟಿ ಬರುತ್ತದೆ, ಕೋರ್ಟ್ ಫೀಗೆ 25,000 ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ? ಗೋದಾಮಿನ ಹಿಂದಿನ ಆರು ಗುಂಟೆ ಬಯಲು ಮಾತ್ರ ಅವತ್ತಿನಿಂದ ನಮಗೆ ವಾಪಸ್ ಬಂದೇ ಇಲ್ಲ. ಉತಾರದಲ್ಲಿ (ಜಾಗದ ಸರ್ಕಾರಿ ದಾಖಲೆಯಲ್ಲಿ) ಯಾವುದೋ ಇಲಾಖೆಯ ಹೆಸರಿದೆ. — ಬೆಟಗೇರಿಯ ಓದುಗರು

ಸಂಪಾದಕರ ಉತ್ತರ:

ನೀವು ಕಳಿಸಿದ ಝೆರಾಕ್ಸ್ ನನ್ನ ಮೇಜಿನ ಮೇಲಿದೆ. ಮೂಲೆಯಲ್ಲಿ ಒಂದು ಗುಂಡು ಮುದ್ರೆ, ಅರ್ಧ ಅಳಿಸಿದೆ. ನಡುವೆ ಅಜ್ಜನ ಮೋಡಿ ಅಕ್ಷರದ ಸಹಿ. ಕೆಳಗೆ ಪೆನ್ಸಿಲ್‌ನಲ್ಲಿ ಯಾರೋ ತಗಡಿನ ಲೆಕ್ಕ ಬರೆದಿದ್ದಾರೆ: ಇಷ್ಟು ಹಾಳೆ, ಹಾಳೆಗೆ ಇಷ್ಟು ರೂಪಾಯಿ, ಆಣೆ, ಪೈ. ಕಾಗದ ಖರೆ ಇದ್ದಂತಿದೆ. ಅದಕ್ಕೇ ಇಷ್ಟು ಉದ್ದ ಉತ್ತರ ಬರೆಯುತ್ತಿದ್ದೇನೆ.

ಮೊದಲು ಕೋಟಿಯ ಮಾತು ಮುಗಿಸೋಣ. 1,840 ರೂಪಾಯಿಗೆ ವರ್ಷಕ್ಕೆ ಶೇಕಡಾ 6ರ ಸರಳ ಬಡ್ಡಿ ಹಾಕಿ. 80 ವರ್ಷಕ್ಕೆ ಬಡ್ಡಿ 8,832. ಅಸಲು ಸೇರಿ 10,672. ಸಾಲದು ಅಂತ ಚಕ್ರಬಡ್ಡಿಯನ್ನೇ ಹಾಕಿದರೂ ಎರಡು ಲಕ್ಷ ಮುಟ್ಟುವುದಿಲ್ಲ. ಕೋಟಿ ಎಲ್ಲಿಂದ ಬಂತು ಅಂತ ಆ ಮನುಷ್ಯರನ್ನೇ ಕೇಳಿ, ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಲಿ.

ಇನ್ನು ಎಣ್ಣೆ ಕಂಪನಿಯ ಕತೆ. ಅದು ಸುಳ್ಳಲ್ಲ. ಅರ್ಧಕ್ಕೆ ನಿಲ್ಲಿಸಿದ್ದಾರೆ, ಅಷ್ಟೇ. ಕಂಪನಿಯ ಹೆಸರು ಬರ್ಮಾ ಆಯಿಲ್. 1942ರಲ್ಲಿ ಜಪಾನಿನ ಸೇನೆ ರಂಗೂನಿಗೆ ಬರುತ್ತಿತ್ತು. ಎಣ್ಣೆ ಅವರ ಕೈಗೆ ಸಿಗಬಾರದೆಂದು ಬ್ರಿಟಿಷರೇ ಆ ಕಂಪನಿಯ ಟ್ಯಾಂಕು, ಯಂತ್ರ, ಎಣ್ಣೆ ಬಾವಿಗಳನ್ನು ಹಾಳು ಮಾಡಿದರು. ಕಂಪನಿ ನೋಂದಣಿಯಾಗಿದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿಯ ಕೋರ್ಟಿನಲ್ಲಿ ದಾವೆ ಹಾಕಿತು. ಮೊದಲ ಹಂತದಲ್ಲಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. ಕೊನೆಗೆ 1964ರಲ್ಲಿ, ಆಗ ಅಲ್ಲಿಯ ಕೊನೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಐವರಲ್ಲಿ ಮೂವರ ಬಹುಮತದಿಂದ ಗೆದ್ದಿತು. ಕಾಳಗದ ನಡುವೆ ಗುಂಡು ಬಿದ್ದು ಆದ ನಷ್ಟಕ್ಕೆ ಪರಿಹಾರ ಇಲ್ಲ, ಆದರೆ ಸರ್ಕಾರ ಬೇಕೆಂದೇ ಒಬ್ಬನ ಸೊತ್ತು ಹಾಳು ಮಾಡಿದರೆ ದುಡ್ಡು ಕೊಡಬೇಕು ಎಂದರು ಬಹುಮತದ ನ್ಯಾಯಾಧೀಶರು.

ನಿಮ್ಮ ಮನೆಗೆ ಬಂದವರ ಕತೆ ಇಲ್ಲಿಗೆ ಮುಗಿಯುತ್ತದೆ, ಅಲ್ವಾ? ಮುಂದಿನದು ಕೇಳಿ. ಮರುವರ್ಷ, 1965ರಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟು ವಾರ್ ಡ್ಯಾಮೇಜ್ ಆಕ್ಟ್ ಎಂಬ ಪುಟ್ಟ ಕಾಯ್ದೆ ಮಾಡಿತು. ಯುದ್ಧದಲ್ಲಿ ಸರ್ಕಾರ ಕಾನೂನು ಪ್ರಕಾರ ಮಾಡಿದ ಹಾನಿಗೆ ಪರಿಹಾರ ಕೇಳುವ ಹಕ್ಕು ಇಲ್ಲ, ಹಿಂದೆಯೂ ಇರಲಿಲ್ಲ ಎಂದು ಬರೆಯಿತು. ನಡೆಯುತ್ತಿರುವ ದಾವೆಗಳನ್ನೂ ಕೋರ್ಟು ಕೂಡಲೇ ವಜಾ ಮಾಡಬೇಕು. ಒಂದೇ ಒಂದು ವಿಷಯ ಮಾತ್ರ ಕೋರ್ಟಿಗೆ ಬಿಟ್ಟರು. ಅದು ದಾವೆಯ ಖರ್ಚನ್ನು ಯಾರು ಹೊರಬೇಕು ಎಂಬುದು. ಹಕ್ಕನ್ನು ಹುಗಿದರು, ವಕೀಲರ ಬಿಲ್ಲನ್ನು ಮಾತ್ರ ಮೇಲಿಟ್ಟರು. ಅಂಥ ದೊಡ್ಡ ಕಂಪನಿಗೇ ಈ ಗತಿ.

ನಮ್ಮಲ್ಲೂ ಇದರ ತಮ್ಮನಂಥ ಕತೆ ಒಂದಿದೆ. ಉತ್ತರ ಪ್ರದೇಶದ ಮಹಮೂದಾಬಾದಿನ ರಾಜರು 1957ರಲ್ಲಿ ಪಾಕಿಸ್ತಾನದ ಪೌರತ್ವ ತಗೊಂಡರು. ಮಗ ಭಾರತದವರಾಗಿಯೇ ಉಳಿದರು. 1965ರ ಯುದ್ಧದ ಹೊತ್ತಿಗೆ ಮನೆತನದ ಆಸ್ತಿ ಶತ್ರು ಆಸ್ತಿ, ಅಂದರೆ ಶತ್ರು ದೇಶದ ಪ್ರಜೆಯ ಆಸ್ತಿ, ಎಂದಾಗಿ ಸರ್ಕಾರದ ಕೈಗೆ ಹೋಯಿತು. ಮಗ ವರ್ಷಗಟ್ಟಲೆ ಕೋರ್ಟು ಅಲೆದು 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆಮೇಲೆ ಸುಗ್ರೀವಾಜ್ಞೆ ಮೇಲೆ ಸುಗ್ರೀವಾಜ್ಞೆ ಬಂತು. 2017ರಲ್ಲಿ ಕಾಯ್ದೆಯೇ ತಿದ್ದುಪಡಿಯಾಯಿತು, ಅದೂ ಹಳೆಯ ತಾರೀಖಿನಿಂದಲೇ ಅನ್ವಯವಾಗುವಂತೆ. ಶತ್ರು ಆಸ್ತಿಗೆ ವಾರಸಾ ಹಕ್ಕು ಲೆಕ್ಕಕ್ಕೆ ಬರುವುದಿಲ್ಲ ಎಂದರು.

ನಿಮ್ಮ ಅಜ್ಜನ ಕಾಲಕ್ಕೆ ಬರೋಣ. ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಗೋದಾಮು ವಶವಾಗಿದ್ದು 1939ರ ಭಾರತ ರಕ್ಷಣಾ ಕಾಯ್ದೆ ಮತ್ತು ನಿಯಮಗಳ ಕೆಳಗೆ. ಆ ಕಾಯ್ದೆಯ 19ನೇ ಕಲಂ ಪ್ರಕಾರ ಸ್ಥಿರಾಸ್ತಿಗೆ ಪರಿಹಾರ ಕೊಡಲೇಬೇಕಿತ್ತು. ಇಬ್ಬರೂ ಒಪ್ಪಿದರೆ ಒಪ್ಪಿದ ಮೊತ್ತ. ಒಪ್ಪದಿದ್ದರೆ ಸರ್ಕಾರ ಒಬ್ಬ ಮಧ್ಯಸ್ಥರನ್ನು ನೇಮಿಸಬೇಕು. ಅಂದರೆ ಅಜ್ಜನ ಹಕ್ಕು ಗಟ್ಟಿಯಾಗೇ ಇತ್ತು. ಅರ್ಜಿ ಕೊಟ್ಟು ಸುಮ್ನೆ ಕೂತರೋ, ಕಚೇರಿಯವರೇ ಕೂರಿಸಿದರೋ, ಕಾಗದದಿಂದ ತಿಳಿಯುವುದಿಲ್ಲ. ಏನೇ ಇರಲಿ, ಹಣದ ಬಾಕಿಗೆ ಕಾಲಮಿತಿ ಎಂಬುದು ಇದೆ. ಈಗಿನ ಕಾಯ್ದೆಯಲ್ಲಿ ಇಂಥ ದಾವೆಗಳಿಗೆ ಸಾಮಾನ್ಯವಾಗಿ ಸಿಗುವುದು 3 ವರ್ಷ. 80 ವರ್ಷ ಹಳೆಯ 1,840 ರೂಪಾಯಿಗೆ ಯಾವ ಕೋರ್ಟೂ ಬಾಗಿಲು ತೆರೆಯುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆ 25,000 ಕೊಡಬೇಡಿ.

ಗೆದ್ದರೆ ಖರ್ಚು ಸಮೇತ ವಾಪಸ್ ಬರುತ್ತದಲ್ಲ ಅಂತಲೂ ಅವರು ಹೇಳಿರಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂನಲ್ಲಿ ಹಾಗೇ ಇದೆ: ಖರ್ಚು ಸೋತವನ ತಲೆಗೆ, ಬೇರೆ ರೀತಿ ಮಾಡಿದರೆ ಕೋರ್ಟು ಕಾರಣ ಬರೆಯಬೇಕು. ಆದರೆ ಬರೆದದ್ದು ಬೇರೆ, ಕೈಗೆ ಬರುವುದು ಬೇರೆ. ಬೇಕೆಂದೇ ಸುಳ್ಳು ದಾವೆ ಹಾಕಿದವನಿಂದ 35ಎ ಕಲಂ ಕೆಳಗೆ ಕೊಡಿಸಬಹುದಾದ ಪರಿಹಾರದ ಮಿತಿಯೇ 3,000 ರೂಪಾಯಿ!

ನಮ್ಮ ಮನೆಯದ್ದೇ ಹೇಳುತ್ತೇನೆ. ನವಲಗುಂದದ ಕಡೆ ನಮ್ಮ ಹೊಲದ ಬದುವಿನ ವ್ಯಾಜ್ಯ 11 ವರ್ಷ ನಡೆಯಿತು. ಅಪ್ಪ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದರು. ತಾರೀಖಿಗೆ ಹೋದ ಬಸ್ ಚಾರ್ಜು, ಟೈಪಿಂಗು, ವಕೀಲರ ಫೀ, ಸರ್ವೆಯವನ ಊಟ, ಗುಮಾಸ್ತರ ಚಹಾ, ಎಲ್ಲ ಅದರಲ್ಲಿ. ಒಟ್ಟು 38,000 ದಾಟಿತ್ತು. ಕೊನೆಗೆ ನಮ್ಮ ಪರ ಖರ್ಚು ಸಹಿತ ಡಿಕ್ರಿ ಆಯಿತು. ಡಿಕ್ರಿಯ ಕೊನೆಯ ಹಾಳೆಯಲ್ಲಿ ಖರ್ಚಿನ ಪಟ್ಟಿ ಇತ್ತು: 1,460 ರೂಪಾಯಿ. ಅಪ್ಪ ಎರಡು ಸಲ ಓದಿದರು, ನಕ್ಕರು, ನೋಟ್‌ಬುಕ್ಕಿನೊಳಗೆ ಇಟ್ಟರು. ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ, ಆ ಗಾದೆ ಕಟ್ಟಿದವನೂ ಒಂದು ನೋಟ್‌ಬುಕ್ ಇಟ್ಟಿರಬೇಕು.

ಯುದ್ಧದ ನಷ್ಟಕ್ಕೆ ಹಣ ಸಿಕ್ಕ ಉದಾಹರಣೆಯೇ ಇಲ್ಲವೇ? ಇದೆ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮವರು ಸುಮಾರು 1,70,000 ಮಂದಿ ಕೆಲಸ, ಸಾಮಾನು ಬಿಟ್ಟು ಓಡಿ ಬಂದರು. ವಿಶ್ವಸಂಸ್ಥೆ 1991ರಲ್ಲಿ ಒಂದು ಪರಿಹಾರ ಆಯೋಗ ಮಾಡಿತು. ಸುಮ್ನೆ ಊರು ಬಿಟ್ಟು ಬಂದೆ ಅನ್ನುವವರಿಗೂ ಒಂದು ಗೊತ್ತಾದ ಮೊತ್ತ. ಅದು 2,500 ಡಾಲರ್‌ನಿಂದ ಶುರು. ಪ್ರತಿಯೊಬ್ಬರೂ ವಕೀಲರನ್ನು ಹಿಡಿಯಬೇಕಿರಲಿಲ್ಲ. ಸರ್ಕಾರಗಳೇ ಅರ್ಜಿಗಳನ್ನು ಒಟ್ಟು ಮಾಡಿ ಕಳಿಸಿದವು. ಹಣ ಬಂದದ್ದು ಇರಾಕಿನ ಎಣ್ಣೆ ಮಾರಾಟದಿಂದ. 2022ರ ಜನವರಿಯಲ್ಲಿ ಕೊನೆಯ ಕಂತು ಮುಗಿಯುವಾಗ ಒಟ್ಟು 5,240 ಕೋಟಿ ಡಾಲರ್ ಕೊಟ್ಟಾಗಿತ್ತು. ಸೋತ ದೇಶದ ಬಳಿ ಎಣ್ಣೆ ಇತ್ತು, ಗೆದ್ದವರಿಗೆ ಕೊಡಿಸುವ ಮನಸ್ಸಿತ್ತು. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ನಿಮ್ಮ ಗೋದಾಮಿಗೆ ಅಂಥ ಆಯೋಗ ಇಲ್ಲ.

ಆದರೆ ಪತ್ರದ ಕೊನೆಗೆ, ಮರೆತು ನೆನಪಾದಂತೆ, ಆರು ಗುಂಟೆಯ ಮಾತು ಬರೆದಿದ್ದೀರಿ. ನಿಜವಾದ ವಿಷಯ ಅದೇ. ಮನೆಗೆ ಬಂದವರು ಅದರ ಬಗ್ಗೆ ಕೇಳಲೇ ಇಲ್ಲ ಅನ್ನುವುದರಲ್ಲೇ ಅವರಿಗೆ ಎಷ್ಟು ಗೊತ್ತು ಅಂತ ತಿಳಿಯುತ್ತದೆ.

ವಶಕ್ಕೆ ತಗೊಳ್ಳುವುದು ಬೇರೆ, ಸ್ವಾಧೀನ ಮಾಡಿಕೊಳ್ಳುವುದು ಬೇರೆ. ವಶ ಅಂದರೆ ಹಂಗಾಮಿಗೆ ಎತ್ತು ಕಡ ತಗೊಂಡ ಹಾಗೆ. ಉಳುಮೆ ಅವರದು, ಎತ್ತು ನಿಮ್ಮದೇ. ಸ್ವಾಧೀನ ಅಂದರೆ ಎತ್ತನ್ನೇ ಕೊಂಡಂತೆ. ಭಾರತ ರಕ್ಷಣಾ ಕಾಯ್ದೆ 1946ರಲ್ಲಿ ಮುಗಿಯಿತು. ಆಗ ವಶದಲ್ಲಿದ್ದ ಜಾಗಗಳನ್ನು 1947ರ ಇನ್ನೊಂದು ಕಾಯ್ದೆ ಮುಂದುವರಿಸಿತು, ಆಮೇಲೆ 1952ರ ಕಾಯ್ದೆ ಬಂತು. 1970ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಹೀಗೆ ಇಟ್ಟುಕೊಂಡ ಜಾಗಕ್ಕೆ ಅವಧಿ ಗೊತ್ತು ಮಾಡಿದರು. ಎಳೆದು ಎಳೆದು ಆ ಅವಧಿ 1987ರ ಮಾರ್ಚ್‌ಗೆ ಮುಗಿಯಿತು. ಸ್ವಾಧೀನ ಮಾಡಿಕೊಳ್ಳದೆ ಬರೀ ವಶದಲ್ಲಿಟ್ಟಿದ್ದರೆ, ಅಲ್ಲಿಂದ ಮುಂದೆ ಅದಕ್ಕೆ ಕಾನೂನಿನ ಆಸರೆ ಇಲ್ಲ.

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಇದೇ ಆಯಿತು. 1963ರಲ್ಲಿ ರಕ್ಷಣಾ ಇಲಾಖೆಗೆಂದು ವಶಕ್ಕೆ ತಗೊಂಡ ಜಮೀನು 1987ರ ನಂತರವೂ ವಾಪಸ್ ಬರಲಿಲ್ಲ. ಮನೆಯವರು ಬಿಡದೆ ಹೋರಾಡಿದರು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಜಮೀನು ಬಿಟ್ಟುಕೊಡಿ ಎಂದಿತು. 57 ವರ್ಷ! ಅದೇ ವರ್ಷ ಜನವರಿಯಲ್ಲಿ ಹಿಮಾಚಲ ಪ್ರದೇಶದ ಒಬ್ಬ ವಯಸ್ಸಾದ ಮಹಿಳೆಯ ಕೇಸು. 1967ರ ಹೊತ್ತಿಗೆ ರಸ್ತೆಗೆ ಜಮೀನು ಹೋಗಿತ್ತು, ಪರಿಹಾರ ಕೊಟ್ಟಿರಲಿಲ್ಲ. ತಡವಾಗಿ ಬಂದಿರಿ ಅಂತ ಸರ್ಕಾರ ವಾದಿಸಿತು. ಕೋರ್ಟು ಒಪ್ಪಲಿಲ್ಲ. ತನ್ನ ಪ್ರಜೆಯ ಜಾಗದ ಮೇಲೆ ಸರ್ಕಾರ ಬಹುಕಾಲದ ಅನುಭೋಗ ಅಂತ ಹಕ್ಕು ಸಾಧಿಸುವಂತಿಲ್ಲ ಎಂದಿತು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, 44ನೇ ತಿದ್ದುಪಡಿಯಲ್ಲಿ ಅದು ಹೋಯಿತು. ಆದರೆ ಸಂವಿಧಾನದ 300ಎ ವಿಧಿ ಉಳಿದಿದೆ. ಕಾನೂನಿನ ಅಧಿಕಾರ ಇಲ್ಲದೆ ಯಾರ ಸೊತ್ತನ್ನೂ ಕಸಿಯುವಂತಿಲ್ಲ.

ಹಾಗಾಗಿ ಕೋರ್ಟಿಗಿಂತ ಮೊದಲು ಸಿಟಿ ಸರ್ವೆ ಕಚೇರಿಗೆ ಹೋಗಿ. ಇವತ್ತಿನ ಉತಾರ ಒಂದೇ ಸಾಲದು. ಇಲಾಖೆಯ ಹೆಸರು ಯಾವ ವರ್ಷ, ಯಾವ ಆದೇಶದ ಮೇಲೆ ಏರಿತು ಅನ್ನುವ ನೋಂದಿನ ನಕಲು ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಫೀ 10 ರೂಪಾಯಿ. ಅಲ್ಲಿ ಸ್ವಾಧೀನ ಎಂದಿದ್ದು, ಅಜ್ಜ ಹಣ ತಗೊಂಡಿದ್ದರೆ, ಮಾತು ಮುಗಿಯಿತು. ಬರೀ ವಶ ಎಂದಿದ್ದರೆ, ಅಥವಾ ಆದೇಶವೇ ಇಲ್ಲದಿದ್ದರೆ, ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ (ಸರ್ಕಾರದ ವಿರುದ್ಧ ನೇರ ಹೈಕೋರ್ಟಿಗೇ ಕೊಡುವ ಅರ್ಜಿ) ಹಾಕುವ ಬಗ್ಗೆ ಒಬ್ಬ ವಕೀಲರನ್ನು ಕೇಳಬಹುದು. ಹಣದ ದಾವೆಯಲ್ಲಿ ಕೇಳಿದ ಮೊತ್ತ ಬೆಳೆದಂತೆ ಕೋರ್ಟ್ ಫೀ ಬೆಳೆಯುತ್ತದೆ. ರಿಟ್‌ನಲ್ಲಿ ಹಾಗಿಲ್ಲ, ಸಣ್ಣ ಫೀ. 2008ರಲ್ಲಿ ಪೀಠ ಬರುವ ಮುಂಚೆ ಪ್ರತಿ ಸಲ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬೆಳಗ್ಗೆ ಹೋಗಿ ಸಂಜೆ ಬರಬಹುದು.

ಪತ್ರದಲ್ಲಿ ನಿಮ್ಮ ತಾಯಿಯವರ ಹೆಸರಲ್ಲೂ ವಾರಸಾ ಆಗಿದೆ ಅಂದಿದ್ದೀರಿ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ನೋಡದೆ ವಕೀಲರ ನೆರವು ಸಿಗುತ್ತದೆ. ಅವರೂ ಅರ್ಜಿದಾರರಾಗಲಿ. ಆದರೆ ನೋಂದಿನ ನಕಲು ಕೈಗೆ ಬರುವ ತನಕ ಯಾವ ವಕಾಲತ್ತಿಗೂ ಸಹಿ ಹಾಕಬೇಡಿ.

ಇನ್ನೊಂದು. ಅಜ್ಜನ ಆ ಮೂಲ ಕಾಗದವನ್ನು ಲ್ಯಾಮಿನೇಶನ್ ಮಾಡಿಸಲು ಕೊಟ್ಟಿದ್ದೇನೆ ಅಂತ ಬರೆದಿದ್ದೀರಿ. ಇವತ್ತೇ ಅಂಗಡಿಗೆ ಹೋಗಿ ವಾಪಸ್ ತನ್ನಿ. ಬಿಸಿಗೆ ಆ ಹಳೆಯ ಕಾಗದವೂ ಮುದ್ರೆಯೂ ಕೆಟ್ಟಾವು. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಗೇ ಇಡಿ.